ನೀರಿಗೆ ರೇಟ್ ಕಟ್ಟೋರು ಯಾರು, ಮಿತಿ ಹಾಕೋರು ಯಾರು

ಇದು ಒಂದು ಸಭೆಯಲ್ಲಿ ನಾನು ಆಡಿದ ಮಾತು. ಮೊದಲು ಒಂದು ಲೆಕ್ಕ ಮಾಡಿಬಿಡೋಣ, ಪೆನ್ನು ಪೇಪರ್ ಬೇಡ, ಬಾಯಿಲೆಕ್ಕ ಸಾಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಲ್ಲ ಅಂತ ದೊಡ್ಡ ಗಲಾಟೆ ಆಯ್ತಲ್ಲ, ಆಗ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ರೇಟ್ ಫಿಕ್ಸ್ ಮಾಡ್ತು. ಐದು ಕಿಲೋಮೀಟರ್ ಒಳಗಾದ್ರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅಂದ್ರೆ ಸಾವಿರ ಲೀಟರಿಗೆ ಹೆಚ್ಚುಕಮ್ಮಿ ನೂರು ರೂಪಾಯಿ ಬಿತ್ತು, ಅದೂ ಸರ್ಕಾರ ಹಿಡಿದು ಕಟ್ಟಿಹಾಕಿದ ರೇಟು, ಅದಕ್ಕೆ ಮುಂಚೆ ಇದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು ತರಿಸಿಕೊಂಡೋರು ನಿಮ್ಮ ನೆಂಟರಲ್ಲೇ ಇರ್ತಾರೆ, ಕೇಳಿ ನೋಡಿ. ಅದೇ ಊರಲ್ಲಿ ಕಾವೇರಿ ಕನೆಕ್ಷನ್ ಇರೋ ಮನೆಗೆ ಆಗ ಮೊದಲ 8,000 ಲೀಟರ್ ತನಕ ಸಾವಿರ ಲೀಟರಿಗೆ ಬರೀ 7 ರೂಪಾಯಿ. 2014ರಲ್ಲಿ ಇಟ್ಟ ರೇಟು, 2025ರ ಏಪ್ರಿಲ್ ತನಕ ಯಾರೂ ಮುಟ್ಟಲಿಲ್ಲ. ಈಗ ನಮ್ಮ ಕೋಲಾರದ ಕಡೆ ಹಳ್ಳಿಗೆ ಬನ್ನಿ. ಶುದ್ಧ ನೀರಿನ ಘಟಕದಲ್ಲಿ ಎಷ್ಟೋ ಕಡೆ 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಕ್ಯಾನ್ ತುಂಬುತ್ತೆ. ಸಾವಿರ ಲೀಟರಿಗೆ ಎಷ್ಟಾಯ್ತು? 250 ರೂಪಾಯಿ.

ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ನೀರು ಆಗ 7 ರೂಪಾಯಿ, ಊರ ಬಾಗಿಲಲ್ಲೇ ತೋಡಿದ ನೀರು 250. ಒಂದು ನಳದ ನೀರು, ಇನ್ನೊಂದು ಫಿಲ್ಟರ್ ಮಾಡಿದ ಕುಡಿಯೋ ನೀರು, ಎರಡನ್ನೂ ಒಂದೇ ತಕ್ಕಡಿಲಿ ಹಾಕಬಾರದು ಅಂತ ಯಾರಾದ್ರೂ ಹೇಳಬಹುದು, ಒಪ್ತೀನಿ. ಆದ್ರೆ ಬೋರ್ ನೀರಲ್ಲಿ ಹಲ್ಲು ಮೂಳೆ ಹಾಳು ಮಾಡೋ ಫ್ಲೋರೈಡ್ ಇರೋ ಊರಲ್ಲಿ ಬೇರೆ ನೀರು ಎಲ್ಲಿದೆ ಸ್ವಾಮಿ? ನೀರಿಗೆ ಬೆಲೆ ಇಡಬೇಕಾ ಬೇಡ್ವಾ ಅಂತ ನಾವು ಸೆಮಿನಾರ್ ಮೇಲೆ ಸೆಮಿನಾರ್ ಮಾಡ್ತಾ ಇದೀವಿ, ಬೆಲೆ ಆಗ್ಲೇ ಬಂದು ಕೂತಿದೆ, ತಲೆಕೆಳಗಾಗಿ ಕೂತಿದೆ ಅಷ್ಟೆ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪಾರ್ಟಿ ಇರ್ತವೆ. ಒಂದು ಪಾರ್ಟಿ, ನೀರೂ ಒಂದು ಆರ್ಥಿಕ ವಸ್ತು, ಬಿಟ್ಟಿ ಕೊಟ್ರೆ ಪೋಲಾಗುತ್ತೆ, ಸರಿಯಾದ ಬೆಲೆ ಬಂದ್ರೆ ತಾನಾಗೇ ಉಳಿಯುತ್ತೆ ಅನ್ನೋರು. 1992ರಲ್ಲಿ ಡಬ್ಲಿನ್‌ನಲ್ಲಿ ಆದ ಸಮ್ಮೇಳನದ ಹೇಳಿಕೆಯಲ್ಲಿ ಈ ಮಾತು ಸೇರಿಕೊಳ್ತು, ಆಮೇಲೆ ಸಾಲ ಕೊಡೋ ಸಂಸ್ಥೆಗಳಿಗೆಲ್ಲ ಅದೇ ಮಂತ್ರ ಆಯ್ತು. ಇನ್ನೊಂದು ಪಾರ್ಟಿ, ನೀರು ಹಕ್ಕು, ಅದು ಊರಿನ ಆಸ್ತಿ, ಮಾರೋದೇ ಪಾಪ ಅನ್ನೋರು. 2010ರ ಜುಲೈನಲ್ಲಿ ವಿಶ್ವಸಂಸ್ಥೆ ಸಾಮಾನ್ಯ ಸಭೆ ಕುಡಿಯೋ ನೀರು ಮಾನವ ಹಕ್ಕು ಅಂತ ನಿರ್ಣಯ ಮಾಡ್ತು, ಇವರಿಗೆ ಅದು ಬಲ. ನಾನು ಎರಡೂ ಪಾರ್ಟಿಯವರ ಜೊತೆ ಕಾಫಿ ಕುಡಿದಿದೀನಿ, ಇಬ್ಬರೂ ಒಳ್ಳೆಯವರೇ. ಇಬ್ಬರೂ ಒಂದು ಪ್ರಶ್ನೆ ಮಾತ್ರ ಹಾರಿಸಿಬಿಡ್ತಾರೆ. ಹಂಚೋಕೆ ಮುಂಚೆ, ಮಾರೋಕೆ ಮುಂಚೆ, ಒಟ್ಟು ಎಷ್ಟು ತೆಗೀಬಹುದು ಅಂತ ಹೇಳೋರು ಯಾರು? ಇಷ್ಟು ಸಾಕು, ಇನ್ನು ಮುಟ್ಟಬೇಡಿ ಅಂತ ಹೇಳಿ, ಅದನ್ನ ಕೇಳೋ ಹಾಗೆ ಮಾಡೋ ತಾಕತ್ತು ಯಾರಿಗಿದೆ? ಇವತ್ತು ನಾನು ಮಾತಾಡೋದೆಲ್ಲ ಇದೊಂದೇ ಪ್ರಶ್ನೆ ಸುತ್ತ.

ನಮ್ಮ ಕೆರೆಗಳಿಂದ ಶುರು ಮಾಡ್ತೀನಿ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ. ಇಲ್ಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ, ಪಾಲಾರ್ ಪಿನಾಕಿನಿ ಎಲ್ಲ ಹುಟ್ಟೋದು ನಮ್ಮ ಕಡೆ, ಹರಿಯೋದು ಬೇರೆಯವರ ಕಡೆ, ಹಾಗಾಗಿ ಬಿದ್ದ ಮಳೆಯನ್ನ ಹಿಡಿಯದೆ ಬೇರೆ ದಾರಿನೇ ಇರಲಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಕೆಳಗಿನ ಕೆರೆಗೆ, ಅದು ಕೋಡಿ ಬಿದ್ರೆ ಅದರ ಕೆಳಗಿನದಕ್ಕೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ, ಹೌದು ಬೆಂಗಳೂರಿನ ಸ್ಯಾಂಕಿ ಕೆರೆಯ ಅದೇ ಸ್ಯಾಂಕಿ, ಈ ಸೀಮೆಯಲ್ಲಿ ಹೊಸದಾಗಿ ಒಂದು ಕೆರೆ ಕಟ್ಟೋಕೆ ಜಾಗ ಹುಡುಕಬೇಕು ಅಂದ್ರೆ ತಲೆ ಓಡಿಸಬೇಕು ಅನ್ನೋ ಅರ್ಥದಲ್ಲಿ ಬರೆದಿದಾರೆ. ಅಷ್ಟು ಕಟ್ಟಿಬಿಟ್ಟಿದ್ದರು ನಮ್ಮೋರು. ಶಾಸನಗಳಲ್ಲಿ ನೋಡಿದ್ರೆ ಕಟ್ಟುಕೊಡಗೆ, ಬಿತ್ತುವಟ್ಟ ಅಂತೆಲ್ಲ ಬರುತ್ತಲ್ಲ, ಕೆರೆ ಕಟ್ಟಿದವನಿಗೆ, ಅದನ್ನ ನೋಡಿಕೊಳ್ಳೋರಿಗೆ ಬಿಟ್ಟುಕೊಟ್ಟ ಜಮೀನು ಅದು. ಅಂದ್ರೆ ಕೆರೆ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು ಅಂತ ಕಟ್ಟೋ ದಿನವೇ ಯೋಚನೆ ಮಾಡಿದ್ದರು. ಈಗ ಕಟ್ಟಡ ಉದ್ಘಾಟನೆ ಮಾಡ್ತೀವಿ, ಬಲ್ಬು ಹೋದ್ರೆ ಹಾಕೋಕೆ ಬಜೆಟ್ ಇರಲ್ಲ, ಇರಲಿ ಅದು ಬೇರೆ ಮಾತು.

ನೀರುಗಂಟಿ ಗೊತ್ತಲ್ಲ ನಿಮಗೆ, ನಲವತ್ತು ದಾಟಿದವರಿಗೆ ಗೊತ್ತಿರುತ್ತೆ. ತೂಬು, ಅಂದ್ರೆ ಕೆರೆ ನೀರು ಹೊರಬಿಡೋ ಬಾಗಿಲು, ಅದನ್ನ ಎತ್ತೋದು, ಮುಚ್ಚೋದು, ಕಾಲುವೆ ನೋಡೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡೋದು ಅವನ ಕೆಲಸ. ಗದ್ದೆಯವರು ತಾವೇ ಹೋಗಿ ಮಡೆ ತಿರುಗಿಸೋ ಹಾಗಿರಲಿಲ್ಲ. ಅವನಿಗೆ ಸುಗ್ಗಿಲಿ ಕಣದಲ್ಲೇ ಭತ್ತ ಅಳೆದುಕೊಡೋರು. ಇಲ್ಲಿ ಸ್ವಲ್ಪ ನಿಲ್ಲಿ, ಇದರಲ್ಲಿ ಒಂದು ಸೂಕ್ಷ್ಮ ಇದೆ. ಅವನ ಕೂಲಿ ಬೆಳೆಯ ಮೇಲೆ ನಿಂತಿದೆ, ತಿಂಗಳ ಸಂಬಳ ಅಲ್ಲ. ಕಾಲುವೆ ಕೊನೆಯ ಗದ್ದೆ ಒಣಗಿದ್ರೆ ಅವನ ಅಳತೆಯೂ ಒಣಗುತ್ತೆ. ಹಾಗಾಗಿ ಕೊನೆ ಗದ್ದೆಗೆ ನೀರು ಮುಟ್ಟಿಸೋದು ಅವನಿಗೇ ಲಾಭ.

ಮಳೆ ಕಮ್ಮಿ ಆದ ವರ್ಷ ಏನ್ ಮಾಡ್ತಿದ್ರು ಅನ್ನೋದು ನನಗೆ ಇಡೀ ಕೆರೆ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಮಳೆಗಾಲ ಮುಗಿದ ಮೇಲೆ ಊರೋರು ಏರಿ ಮೇಲೆ ಸೇರೋರು. ನೀರು ಇಷ್ಟಿದೆ, ಇದರಲ್ಲಿ ಇಷ್ಟು ಎಕರೆ ಮಾತ್ರ ಬೆಳೆಯೋಕೆ ಆಗೋದು ಅಂತ ಮೊದಲು ತೀರ್ಮಾನ. ಅಚ್ಚುಕಟ್ಟು, ಅಂದ್ರೆ ಆ ಕೆರೆ ನೀರು ಉಣ್ಣೋ ಜಮೀನು, ನೂರು ಎಕರೆ ಅಂದುಕೊಳ್ಳಿ, ನೀರು ನಲವತ್ತು ಎಕರೆಗೆ ಸಾಕು. ಆಗ ತೂಬಿನ ಹತ್ತಿರದ ನಲವತ್ತು ಎಕರೆಯಲ್ಲಿ ಮಾತ್ರ ಬೆಳೆ, ಆದ್ರೆ ಅದು ಆ ಜಮೀನಿನ ಒಡೆಯರ ಬೆಳೆ ಅಂತಲ್ಲ, ಇಡೀ ಅಚ್ಚುಕಟ್ಟಿನ ಎಲ್ಲರಿಗೂ ಅವರವರ ಹಿಡುವಳಿ ಎಷ್ಟಿದೆಯೋ ಅಷ್ಟರ ಪ್ರಮಾಣದಲ್ಲಿ ಅಲ್ಲಿ ತುಂಡು ಹಂಚೋರು. ಕೊನೆಲಿ ಹತ್ತು ಎಕರೆ ಇರೋನು ಆ ವರ್ಷ ತೂಬಿನ ಪಕ್ಕ ಇನ್ನೊಬ್ಬರ ಗದ್ದೆಯಲ್ಲಿ ನಾಲ್ಕು ಎಕರೆ ನಾಟಿ ಹಾಕ್ತಾನೆ. ದಾಮಾಷಾ ಅಂತಾರೆ ಇದಕ್ಕೆ. ಯೋಚನೆ ಮಾಡಿ, ನನ್ನ ಜಮೀನಲ್ಲಿ ಈ ವರ್ಷ ನೀನು ಬೆಳ್ಕೋ ಅಂತ ಬಿಟ್ಟುಕೊಡೋದು! ಇವತ್ತು ಬದುವಿನ ಮೇಲಿನ ಒಂದು ಬೇವಿನ ಮರಕ್ಕೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ.

ಈಗ ನೀವು ತಲೆದೂಗ್ತಾ ಇದೀರ, ಅದಕ್ಕೇ ನಾನು ಸ್ವಲ್ಪ ಕಹಿ ಹೇಳಬೇಕು. ಈ ದಾಮಾಷಾದಲ್ಲಿ ಪಾಲು ಯಾರಿಗೆ? ಅಚ್ಚುಕಟ್ಟಲ್ಲಿ ಜಮೀನು ಇರೋರಿಗೆ. ಜಮೀನು ಇಲ್ಲದವರಿಗೆ ಪಾಲೇ ಇಲ್ಲ. ಹೂಳು ಎತ್ತೋಕೆ ಮಾತ್ರ ಅವರು ಬೇಕು. ನಮ್ಮ ಕಡೆ ನೀರುಗಂಟಿ ಕೆಲಸ ಬಹುತೇಕ ಮಾಡ್ತಿದ್ದವರು ದಲಿತರು, ಇಡೀ ಊರಿನ ನೀರಿನ ಬೀಗದ ಕೈ ಅವರ ಹತ್ರ, ಆದ್ರೆ ಮೇಲ್ಜಾತಿಯವರ ಬಾವಿಯಿಂದ ಒಂದು ಕೊಡ ಸೇದೋ ಹಾಗಿಲ್ಲ. ಏರಿ ಮೇಲಿನ ಆ ಸಭೆಯಲ್ಲಿ ಹೆಂಗಸರು ಕೂತಿದ್ದು ಯಾರಾದ್ರೂ ನೋಡಿದೀರಾ? ನೀರು ಹೊರೋರು ಅವರು, ಮಾತಾಡೋರು ಇವರು.

1927ರ ಮಾರ್ಚ್ 20ಕ್ಕೆ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಅವರು ಚವದಾರ್ ಕೆರೆಯ ನೀರು ಕುಡಿದ್ರು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಅದಕ್ಕೆ ಮೂರು ವರ್ಷ ಮುಂಚೆನೇ ನಿರ್ಣಯ ಮಾಡಿತ್ತು, ಪೇಪರ್ ಮೇಲೆ. ಇವರು ಹೋಗಿ ನೀರು ಕುಡಿದಿದ್ದಕ್ಕೆ ಊರಿನ ಸವರ್ಣೀಯರು ಹೊಡೆದ್ರು, ಆಮೇಲೆ ಕೆರೆಗೆ ಪಂಚಗವ್ಯ ಹಾಕಿ ಶುದ್ಧಿ ಮಾಡಿದ್ರು. ಅದೂ ಸಮುದಾಯವೇ ಕಣ್ರಿ. ಸಮುದಾಯದ ಮೌಲ್ಯ ಅಂತ ನಾವು ಭಾಷಣ ಮಾಡುವಾಗ ಆ ಸಮುದಾಯದ ಒಳಗೆ ಯಾರಿದ್ದರು ಹೊರಗೆ ಯಾರಿದ್ದರು ಅಂತ ಕೇಳದೇ ಇದ್ರೆ ಆ ಮಾತಿಗೆ ಅರ್ಥ ಇಲ್ಲ. ಮಾರ್ಕೆಟ್ ಪರ ಇರೋ ಒಬ್ಬ ದಲಿತ ಯುವಕ ಒಂದು ಸಲ ನನಗೆ ಹೇಳಿದ್ದ, ಸಾರ್ ಕಾಯಿನ್ ಹಾಕಿದ್ರೆ ಆ ಮೆಷೀನ್ ನನ್ನ ಜಾತಿ ಕೇಳಲ್ಲ ಅಂತ. ನನಗೆ ಅದಕ್ಕೆ ತಕ್ಷಣ ಉತ್ತರ ಹೊಳೀಲಿಲ್ಲ, ಈಗಲೂ ಆ ಮಾತನ್ನ ಸುಲಭವಾಗಿ ತಳ್ಳಿಹಾಕೋಕೆ ನಾನು ತಯಾರಿಲ್ಲ.

ಸರಿ, ಆ ವ್ಯವಸ್ಥೆ ಹೇಗೆ ಹೋಯ್ತು? 1963ರಲ್ಲಿ ಗ್ರಾಮದ ವಂಶಪಾರಂಪರ್ಯ ಹುದ್ದೆಗಳೆಲ್ಲ ಕಾನೂನು ಪ್ರಕಾರ ರದ್ದಾದವು. ರದ್ದಾಗಬೇಕಾದ್ದೇ, ಹುಟ್ಟಿನಿಂದ ಕೆಲಸ ಕಟ್ಟಿಹಾಕೋದು ಅನ್ಯಾಯ. ಆದ್ರೆ ಆ ಕೆಲಸವನ್ನ ಇನ್ಮೇಲೆ ಯಾರು ಮಾಡಬೇಕು, ಅವರಿಗೆ ಕೂಲಿ ಯಾರು ಕೊಡಬೇಕು ಅಂತ ಯಾರೂ ಬರೀಲಿಲ್ಲ. ಕೆರೆಗಳು ಇಲಾಖೆ ಪಾಲಾದವು, ಅಚ್ಚುಕಟ್ಟು 40 ಹೆಕ್ಟೇರ್ ಮೇಲಿದ್ರೆ ಸಣ್ಣ ನೀರಾವರಿ, ಕೆಳಗಿದ್ರೆ ಪಂಚಾಯತ್ ರಾಜ್. ಮೇಲಿನ ಕೆರೆ ಒಬ್ಬರದು, ಅದರ ಕೋಡಿ ನೀರು ಬೀಳೋ ಕೆಳಗಿನ ಕೆರೆ ಇನ್ನೊಬ್ಬರದು. ಆಮೇಲೆ ಬೋರ್‌ವೆಲ್ ಬಂತು, ಬೋರ್ ಬಂದ ಮೇಲೆ ಕೆರೆ ಯಾರಿಗೆ ಬೇಕು? ಹೂಳು ತುಂಬ್ತು, ರಾಜಕಾಲುವೆ ಒತ್ತುವರಿ ಆಯ್ತು, ಕೆರೆಗೆ ನೀರು ಬರೋ ಜಾಗದಲ್ಲಿ ನೀಲಗಿರಿ ಹಾಕಿದ್ರು. 2000ದ ನಂತರ ವಿಶ್ವಬ್ಯಾಂಕ್ ಸಾಲದಲ್ಲಿ ಕೆರೆ ಅಭಿವೃದ್ಧಿ ಸಂಘಗಳು ಅಂತ ಮಾಡಿದ್ರು, ಪ್ರಾಜೆಕ್ಟ್ ಇರೋ ತನಕ ಮೀಟಿಂಗು ಇತ್ತು, ಪ್ರಾಜೆಕ್ಟ್ ಮುಗಿದ ಮೇಲೆ ಬಹಳ ಕಡೆ ಬೋರ್ಡ್ ಮಾತ್ರ ಉಳೀತು.

ಬೋರ್‌ವೆಲ್ ಕಥೆಯಲ್ಲಿ ಕಾನೂನಿನ ಒಂದು ಗಂಟಿದೆ. 1882ರ ಈಸ್‌ಮೆಂಟ್ ಕಾಯ್ದೆ, ಅಂದ್ರೆ ಅಕ್ಕಪಕ್ಕದ ಜಮೀನಿನವರ ಹಕ್ಕುಗಳ ಕಾಯ್ದೆ, ಅದರ ಕಾಲದಿಂದ ಜಮೀನು ಯಾರದೋ ಅದರ ಕೆಳಗಿನ ನೀರೂ ಅವನದೇ ಅನ್ನೋ ಹಾಗೆ ನಡೆದುಕೊಂಡು ಬಂದಿದೆ. ಆದ್ರೆ ಕೆಳಗಿರೋ ನೀರಿಗೆ ಸರ್ವೆ ನಂಬರ್ ಗೊತ್ತಾ? ನಾನು ಪಂಪ್ ಹಾಕಿದ್ರೆ ಪಕ್ಕದವರ ಬೋರಿನ ನೀರೂ ಇಳಿಯುತ್ತೆ. ಅವರು ಇನ್ನೂರು ಅಡಿ ಆಳಕ್ಕೆ ಹೋಗ್ತಾರೆ, ನಾನು ಮುನ್ನೂರು ಹೋಗ್ತೀನಿ, ಹೀಗೆ ಕೋಲಾರದಲ್ಲಿ ಸಾವಿರ ಅಡಿ, ಸಾವಿರದೈನೂರು ಅಡಿ ತನಕ ಬಂದು ನಿಂತಿದೀವಿ. 2008ರಿಂದ 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ. 2011ರಲ್ಲಿ ಅಂತರ್ಜಲ ಕಾಯ್ದೆ ಬಂತು, ಅಧಿಸೂಚಿತ, ಅಂದ್ರೆ ಸರ್ಕಾರ ಗುರುತು ಮಾಡಿದ ತಾಲೂಕುಗಳಲ್ಲಿ ಬೋರ್ ಕೊರೆಸೋಕೆ ಪರ್ಮಿಶನ್ ಬೇಕು. ನಿಮ್ಮಲ್ಲಿ ಯಾರ್ಯಾರು ಪರ್ಮಿಶನ್ ತಗೊಂಡು ಕೊರೆಸಿದೀರ ಅಂತ ನಾನು ಇಲ್ಲಿ ಕೈ ಎತ್ತಿಸಲ್ಲ, ಗಾಬರಿ ಬೇಡ.

ಇದನ್ನ ಮಾರ್ಕೆಟ್ ಅಂತಾರೆ ಕೆಲವರು. ಎಲ್ಲಿಯ ಮಾರ್ಕೆಟ್ ಇದು? ಮಾರುಕಟ್ಟೆ ಅಂದ್ರೆ ಮಾರೋನ ಹತ್ರ ತನ್ನದು ಅಂತ ಇಷ್ಟೇ ಸರಕು ಇರಬೇಕು, ಕೊಟ್ಟ ಮೇಲೆ ಅವನ ಹತ್ರ ಅಷ್ಟು ಕಮ್ಮಿ ಆಗಬೇಕು. ಬೆಂಗಳೂರು ಸುತ್ತ ಬೇಸಾಯ ಬಿಟ್ಟು ಟ್ಯಾಂಕರ್‌ಗೆ ನೀರು ತುಂಬಿಸೋರು ಇದಾರಲ್ಲ, ಅವರು ಮಾರ್ತಿರೋದರಲ್ಲಿ ಪಕ್ಕದ ಹತ್ತು ಜನರ ನೀರೂ ಸೇರಿದೆ, ಆ ಹತ್ತು ಜನಕ್ಕೆ ಒಂದು ಪೈಸೆ ಬರಲ್ಲ. ಅವರನ್ನ ನಾನು ಬಯ್ಯೋದೂ ಇಲ್ಲ, ರಾಗಿಯಲ್ಲಿ ಸಿಗದ ದುಡ್ಡು ಪೈಪಲ್ಲಿ ಸಿಗುತ್ತೆ ಅಂದ್ರೆ ಯಾರು ಬಿಡ್ತಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಬೋರ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳ್ತು. ಆಗ ಟ್ಯಾಂಕರ್ ಬಂದಿದ್ದೆಲ್ಲಿಂದ? ಇನ್ನೂ ಬತ್ತದ ಬೋರ್‌ಗಳಿಂದ.

ಟೊಮೆಟೊ ವಿಷಯನೂ ಹೇಳಿಬಿಡ್ತೀನಿ, ಮರೆತುಹೋಗುತ್ತೆ. ಕೋಲಾರ ಎಪಿಎಂಸಿಯಿಂದ ಲಾರಿ ಲಾರಿ ಟೊಮೆಟೊ ಉತ್ತರಕ್ಕೆ ಹೋಗುತ್ತೆ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದು ನೆನಪಿದೆಯಲ್ಲ. ಆ ಬಾಕ್ಸಲ್ಲಿ ಹೋಗ್ತಿರೋದು ಸಾವಿರ ಅಡಿ ಆಳದ ನೀರು, ಆದ್ರೆ ರೇಟ್‌ನಲ್ಲಿ ಅದರ ಲೆಕ್ಕ ಎಲ್ಲೂ ಇಲ್ಲ. ಡ್ರಿಪ್ ಹಾಕಿದೀವಿ, ಅರ್ಧ ನೀರು ಉಳೀತು ಅಂತಾರೆ. ಉಳಿದ ಅರ್ಧದಲ್ಲಿ ಇನ್ನೊಂದು ಎಕರೆ ಹಾಕ್ತಾರೆ. ಭೂಮಿಗೆ ಉಳಿದಿದ್ದೇನು?

ಹಾಗಾದ್ರೆ ನಿಜವಾದ ನೀರಿನ ಮಾರ್ಕೆಟ್ ಹೇಗಿರುತ್ತೆ ಅಂತ ನೋಡಬೇಕು ಅಂದ್ರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು, ಮರ್ರೆ–ಡಾರ್ಲಿಂಗ್ ನದಿ ಕಣಿವೆಗೆ. 1991ರಲ್ಲಿ ಡಾರ್ಲಿಂಗ್ ನದಿಯಲ್ಲಿ ಸಾವಿರ ಕಿಲೋಮೀಟರ್ ಉದ್ದಕ್ಕೆ ವಿಷದ ಪಾಚಿ ಹಬ್ಬಿಬಿಡ್ತು, ಹರಿಯೋಕೆ ನೀರೇ ಉಳಿದಿರಲಿಲ್ಲ. ಆಗ ಅವರು ಮೊದಲು ಮಾಡಿದ್ದು ಬೆಲೆ ಇಡೋದಲ್ಲ, ಮಿತಿ ಹಾಕೋದು. 1995ರಲ್ಲಿ, 1993–94ರಲ್ಲಿ ಇದ್ದ ಬಳಕೆಯ ಮಟ್ಟಕ್ಕಿಂತ ಮೇಲೆ ನದಿಯಿಂದ ಎತ್ತೋ ಹಾಗಿಲ್ಲ ಅಂತ ಕಟ್ಟು ಮಾಡಿದ್ರು. ನೀರಿನ ಹಕ್ಕನ್ನ ಜಮೀನಿನ ಹಕ್ಕಿನಿಂದ ಬಿಡಿಸಿದ್ರು, ಮೀಟರ್ ಹಾಕಿದ್ರು, ಆಮೇಲೆ ಬೇಕಾದವರು ಕೊಂಡ್ಕೊಳ್ಳಿ ಬೇಡದವರು ಮಾರಿ ಅಂದ್ರು. ಇದರಿಂದ ಆದ ಲಾಭ ನಿಜ, ಅದನ್ನ ಮುಚ್ಚಿಡಬಾರದು. ಬರ ಬಂದಾಗ ಭತ್ತದ ರೈತ ಆ ವರ್ಷ ನಾಟಿ ಮಾಡದೆ ನೀರು ಮಾರಿ ಸಂಸಾರ ನಡೆಸ್ದ, ಬಾದಾಮಿ ದ್ರಾಕ್ಷಿ ತೋಟದವನು ಆ ನೀರು ಕೊಂಡು ಮರ ಉಳಿಸ್ಕೊಂಡ. ಭತ್ತ ಮುಂದಿನ ವರ್ಷ ಮತ್ತೆ ಬಿತ್ತಬಹುದು, ಸತ್ತ ಮರ ಎದ್ದು ಬರಲ್ಲ. ಮಳೆ ಚೆನ್ನಾಗಿರೋ ವರ್ಷ ಹತ್ತು ಲಕ್ಷ ಲೀಟರಿಗೆ ನೂರು ಡಾಲರಿಗಿಂತ ಕಮ್ಮಿ ಇರೋ ರೇಟು ಬರದಲ್ಲಿ ಅದರ ಎಷ್ಟೋ ಪಟ್ಟು ಏರುತ್ತೆ, ನೀರು ಕಮ್ಮಿ ಇದೆ ಅನ್ನೋದಕ್ಕೆ ಆ ಏರಿಕೆನೇ ಎಲ್ಲರಿಗೂ ಸಿಗ್ನಲ್.

ನಷ್ಟ ಎಲ್ಲಿ ಆಯ್ತು ಅಂದ್ರೆ, ಒಂದು ಕಾಲುವೆ ಮೇಲೆ ಐವತ್ತು ಜನ ರೈತರಿದ್ದು ಮೂವತ್ತು ಜನ ನೀರು ಹೊರಗೆ ಮಾರಿದ್ರೆ, ಆ ಕಾಲುವೆ ರಿಪೇರಿ ಖರ್ಚು ಉಳಿದ ಇಪ್ಪತ್ತು ಜನದ ತಲೆ ಮೇಲೆ. ಹಾಲಿನ ಡೈರಿಯೋರು ಒಬ್ಬೊಬ್ಬರೇ ಎದ್ದುಹೋದ್ರೆ ಊರಿನ ಶಾಲೆ, ಅಂಗಡಿ, ಫುಟ್‌ಬಾಲ್ ಟೀಮು ಎಲ್ಲ ಸೊರಗುತ್ತೆ. ಜಮೀನೇ ಇಲ್ಲದ ಹೂಡಿಕೆದಾರರೂ ನೀರು ಕೊಂಡು ಇಟ್ಕೋಬಹುದು, ಷೇರು ಥರ. 2021ರಲ್ಲಿ ಅಲ್ಲಿನ ಸ್ಪರ್ಧಾ ಆಯೋಗವೇ ತನಿಖೆ ಮಾಡಿ ಈ ಮಾರ್ಕೆಟ್‌ಗೆ ಸರಿಯಾದ ನಿಯಮ, ಪಾರದರ್ಶಕತೆ ಇಲ್ಲ ಅಂತ ಹೇಳ್ತು. ಸಾವಿರಾರು ವರ್ಷದಿಂದ ಆ ನದಿ ಜೊತೆ ಬದುಕಿದ ಮೂಲನಿವಾಸಿಗಳ ಕೈಲಿರೋ ನೀರಿನ ಹಕ್ಕು ಶೇಕಡಾ ಒಂದಕ್ಕೂ ಕಮ್ಮಿ, ಯಾಕಂದ್ರೆ ಹಕ್ಕು ಹಂಚಿದ ದಿನ ಅವರು ಲೆಕ್ಕದಲ್ಲೇ ಇರಲಿಲ್ಲ. ನಮ್ಮ ದಾಮಾಷಾದಲ್ಲಿ ಜಮೀನಿಲ್ಲದವನ ಕಥೆ ಏನಿತ್ತೋ ಅದೇ ಇದು. ಚಿಲಿ ದೇಶ ಇನ್ನೂ ಮುಂದೆ ಹೋಗಿ 1981ರಲ್ಲಿ ಪಿನೊಶೆ ಸರ್ವಾಧಿಕಾರದ ಕಾಲದಲ್ಲಿ ನೀರಿನ ಹಕ್ಕನ್ನ ಶಾಶ್ವತ ಖಾಸಗಿ ಆಸ್ತಿ ಮಾಡಿಬಿಡ್ತು, ಅಲ್ಲಿ ಪೆಟೋರ್ಕಾ ಅನ್ನೋ ಕಡೆ ಬೆಟ್ಟದ ಮೇಲೆ ಅವಕಾಡೊ ತೋಟ ಹಸಿರು, ಕೆಳಗೆ ಹಳ್ಳಿ ಜನಕ್ಕೆ ಲಾರಿಲಿ ನೀರು. 2022ರಲ್ಲಿ ಕಾನೂನು ತಿದ್ದಿದ್ರು, ನಲವತ್ತು ವರ್ಷ ಆದ ಮೇಲೆ.

ಸ್ಪೇನ್ ದೇಶದ ಎರಡು ಊರು ಹೇಳ್ತೀನಿ, ವೆಲೆನ್ಸಿಯಾ ಮತ್ತು ಅಲಿಕಾಂಟೆ, ಒಂದರಿಂದ ಇನ್ನೊಂದಕ್ಕೆ ನಮ್ಮ ಬೆಂಗಳೂರು–ಮೈಸೂರು ಅಂತರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಎರಡೂ ಕಡೆ ಮಳೆ ಕಮ್ಮಿ, ಎರಡೂ ಕಡೆ ಶತಮಾನಗಳ ಹಳೆ ಕಾಲುವೆ. ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಚರ್ಚ್ ಬಾಗಿಲ ಮುಂದೆ ನೀರಿನ ಪಂಚಾಯ್ತಿ ಕೂರುತ್ತೆ, ಇವತ್ತಿಗೂ. ಎಂಟು ಕಾಲುವೆಯಿಂದ ಎಂಟು ಜನ, ಎಲ್ಲ ರೈತರು ಆರಿಸಿದ ರೈತರೇ, ಕರೀ ಅಂಗಿ ಹಾಕ್ಕೊಂಡು ಕೂರ್ತಾರೆ. ವಕೀಲರಿಲ್ಲ, ಫೈಲ್ ಇಲ್ಲ, ಎಲ್ಲ ಬಾಯಿಮಾತಲ್ಲಿ, ಅಲ್ಲೇ ತೀರ್ಪು, ಅಪೀಲಿಲ್ಲ. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಅಲ್ಲಿ ನೀರು ಜಮೀನಿಗೆ ಅಂಟಿಕೊಂಡಿದೆ, ಬಿಡಿಸಿ ಮಾರೋ ಹಾಗಿಲ್ಲ.

ಅಲಿಕಾಂಟೆಯಲ್ಲಿ ಇದರ ಉಲ್ಟಾ. ನದಿ ಚಿಕ್ಕದು, ನೀರು ಇನ್ನೂ ಕಮ್ಮಿ, 1594ರಲ್ಲಿ ಟಿಬಿ ಅಂತ ಒಂದು ಅಣೆಕಟ್ಟು ಕಟ್ಟಿ ಮುಗಿಸಿದ್ರು. ಅಲ್ಲಿ ನೀರಿನ ಹಕ್ಕು ಜಮೀನಿನಿಂದ ಬೇರೆ ಆಗಿತ್ತು, ನೀರಿಗೆ ಚೀಟಿ, ಆ ಚೀಟಿಗೆ ಹರಾಜು. ಇಂಥ ಹರಾಜು ಕಟ್ಟೆ ನಾನೂರು ವರ್ಷದಷ್ಟು ಹಳೇದು, ಡಬ್ಲಿನ್‌ನಲ್ಲಿ ಯಾರೋ ಹೇಳೋ ತನಕ ಕಾದಿರಲಿಲ್ಲ. ಈಗ ನನಗೆ ಹೊಳೆದಿದ್ದು ಹೇಳ್ತೀನಿ. ಆ ಹರಾಜು ನಡೆಸ್ತಿದ್ದವರು ಕಂಪನಿಯವರಲ್ಲ, ಅದೇ ನೀರು ಬಳಸೋ ರೈತರ ಸಂಘ. ಚೀಟಿ ಕೊಟ್ಟವರು, ಸರದಿ ಇಟ್ಟವರು, ಕಾಲುವೆ ಕಾಯೋನಿಗೆ ಕೂಲಿ ಕೊಟ್ಟವರು, ಕದ್ದವನಿಗೆ ದಂಡ ಹಾಕಿದವರು ಅವರೇ. ಎರಡು ಊರಿನ ಪದ್ಧತಿ ಬೇರೆ, ಆದ್ರೆ ಎರಡು ಕಡೆಯೂ ನೀರು ಅಳೆಯೋರು ಇದ್ದರು, ಅಳತೆಗೆ ಎಲ್ಲರೂ ತಲೆಬಾಗ್ತಿದ್ದರು. ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಆ ವಿಭಾಗದಲ್ಲಿ ಅದನ್ನ ಪಡೆದ ಮೊದಲ ಮಹಿಳೆ, ಅವರು ಈ ಸ್ಪೇನ್ ಕಾಲುವೆಗಳ ಬಗ್ಗೆಯೂ ಬರೆದವರು. ಅವರ ಪಿಎಚ್‌ಡಿ ಲಾಸ್ ಏಂಜಲೀಸ್ ಪಕ್ಕದ ಅಂತರ್ಜಲದ ಮೇಲೆ. ಸಿಕ್ಕಾಪಟ್ಟೆ ಪಂಪ್ ಮಾಡಿ ಸಮುದ್ರದ ಉಪ್ಪುನೀರು ಬಾವಿಗೆ ನುಗ್ಗೋಕೆ ಶುರುವಾದಾಗ ಪಂಪ್ ಇದ್ದವರೆಲ್ಲ ಕೂತು ಮಾತಾಡಿ, ಕೋರ್ಟಿನ ಮುಂದೆ ಒಪ್ಪಂದ ಮಾಡಿ, ಎಲ್ಲರೂ ಪ್ರಮಾಣದಲ್ಲಿ ಇಷ್ಟಿಷ್ಟು ಕಮ್ಮಿ ಮಾಡ್ಕೊಂಡ್ರು. ಮಿತಿ ಬಂದ ಮೇಲೆ ಅಲ್ಲೂ ಹಕ್ಕುಗಳ ಮಾರಾಟ ನಡೀತು. ಹಳ್ಳಿ ಜನಕ್ಕೆ ಮಾತ್ರ ಹೇಳಿದ ಮಾತಲ್ಲ ಇದು, ಅಲ್ಲಿ ಎಣ್ಣೆ ಕಂಪನಿಗಳೂ ಇದ್ದವು.

ಜಮೀನಿಲ್ಲದವರ ಪ್ರಶ್ನೆ ಇನ್ನೂ ಬಾಕಿ ಇದೆ. ಅದಕ್ಕೆ ಉತ್ತರ ಪಕ್ಕದ ಮಹಾರಾಷ್ಟ್ರದಲ್ಲಿ ಸಿಕ್ಕಿತ್ತು. 1972ರ ಭೀಕರ ಬರ ಆದ ಮೇಲೆ ಪುಣೆ ಜಿಲ್ಲೆ ಪುರಂದರ ತಾಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಕೆ ಅನ್ನೋರು ಪಾಣಿ ಪಂಚಾಯತ್ ಶುರು ಮಾಡಿದ್ರು. ಅವರು ಉದ್ಯಮಿ, ಕೈಯಲ್ಲಿ ಫ್ಯಾಕ್ಟರಿ ಇದ್ದವರು. ಅಲ್ಲಿ ನೀರಿನ ಪಾಲು ತಲೆ ಲೆಕ್ಕದಲ್ಲಿ. ಒಬ್ಬರಿಗೆ ಅರ್ಧ ಎಕರೆಗೆ ಆಗೋಷ್ಟು, ಒಂದು ಮನೆಗೆ ಹೆಚ್ಚೆಂದ್ರೆ ಎರಡೂವರೆ ಎಕರೆಗೆ. ಐವತ್ತು ಎಕರೆ ಇದ್ರೂ ಅಷ್ಟೇ. ಜಮೀನಿಲ್ಲದ ಮನೆಗೂ ಪಾಲಿದೆ, ಜಮೀನು ಮಾರಿದ್ರೂ ನೀರಿನ ಹಕ್ಕು ಅದರ ಜೊತೆ ಹೋಗಲ್ಲ. ಯೋಜನೆ ಖರ್ಚಲ್ಲಿ ಐದನೇ ಒಂದು ಭಾಗ ಬಳಸೋರೇ ಹಾಕಬೇಕು, ಬಿಟ್ಟಿ ಇಲ್ಲ. ಕಬ್ಬು ಹಾಕೋ ಹಾಗೇ ಇಲ್ಲ. ಸಕ್ಕರೆ ಫ್ಯಾಕ್ಟರಿಗಳ ರಾಜ್ಯದಲ್ಲಿ ಕಬ್ಬು ಬೇಡ ಅನ್ನೋದು ಎಂಥ ಧೈರ್ಯ ನೋಡಿ! ಆ ಮಾದರಿ ರಾಜ್ಯದ ತುಂಬ ಯಾಕೆ ಹರಡಲಿಲ್ಲ ಅನ್ನೋದಕ್ಕೆ ಉತ್ತರವೂ ಅದೇ ವಾಕ್ಯದಲ್ಲಿ ಇದೆ ಅಂತ ನನ್ನ ಅನಿಸಿಕೆ.

ಈಗ ನಮ್ಮ ಕೆರೆಗಳಿಗೆ ಮತ್ತೆ ನೀರು ಬಂದಿದೆ, ಮೋಡದಿಂದಲ್ಲ, ಬೆಂಗಳೂರಿನ ಬಚ್ಚಲಿಂದ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಇಲ್ಲಿಗೆ ಬಿಡ್ತಿದಾರೆ, ಯೋಜನೆ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಜಗಳ ಕೋರ್ಟ್ ತನಕ ಹೋಗಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಬಗ್ಗೆ ನನ್ನ ಅಭಿಪ್ರಾಯ ಸರಳ, ಶುದ್ಧ ಮಾಡಲೇಬೇಕು, ಬೆಂಗಳೂರೋರ ಹೊಲಸಿಗೆ ಕೋಲಾರದೋರ ಅಂತರ್ಜಲ ಬೆಲೆ ತೆರಬಾರದು. ಆದ್ರೆ ನಾನು ಕೇಳೋಕೆ ಬಂದಿದ್ದು ಬೇರೆ. ಕೆರೆಯಿಂದ ನೇರ ಪಂಪ್ ಮಾಡಬಾರದು, ನೀರು ಇಂಗಬೇಕು ಅಂತ ರೂಲ್ ಇದೆ. ಇಂಗಿದ ನೀರು ಯಾರ ಬೋರಲ್ಲಿ ಮೇಲೆ ಬರ್ತಿದೆ? ದೊಡ್ಡ ಮೋಟರ್ ಇರೋರ ಬೋರಲ್ಲಿ. ಕೆರೆ ತುಂಬಿಸಿದ್ದು ಸಾರ್ವಜನಿಕ ದುಡ್ಡು, ಏರಿ ಕೆಳಗೆ ಹೊಸದಾಗಿ ಎಷ್ಟು ಬೋರ್ ಬಿದ್ದಿವೆ ಅಂತ ಎಣಿಸೋರು ಯಾರೂ ಇಲ್ಲ. ನೀರು ಬಂತು, ನೀರುಗಂಟಿ ಬರಲಿಲ್ಲ.

ಕೊನೆಯಲ್ಲಿ ಪ್ರಶ್ನೋತ್ತರ ಇತ್ತು, ಅದರಲ್ಲಿ ಎರಡನ್ನ ಮಾತ್ರ ಇಲ್ಲಿ ಸೇರಿಸ್ತಿದೀನಿ. ಒಬ್ಬರು ಅಕ್ಕ ಕೇಳಿದ್ರು, ಟ್ಯಾಂಕರ್‌ಗೆ ಮಾರೋದನ್ನ ಪೂರ್ತಿ ಬಂದ್ ಮಾಡಿಸಬೇಕಾ ಅಂತ. ಪೂರ್ತಿ ಬಂದ್ ಮಾಡಿದ್ರೆ ರಾತ್ರಿ ಹೊತ್ತು ಹೋಗುತ್ತೆ ಅಕ್ಕ, ರೇಟ್ ಇನ್ನೂ ಏರುತ್ತೆ ಅಷ್ಟೆ. ನನ್ನ ಪ್ರಕಾರ ಊರಾಚೆ ಹೋಗೋ ನೀರಿಗೆ ಗ್ರಾಮಸಭೆ ಒಪ್ಪಿಗೆ ಇರಲಿ, ದಿನಕ್ಕೆ ಇಷ್ಟೇ ಟ್ಯಾಂಕರ್ ಅಂತ ಮಿತಿ ಇರಲಿ, ಬೋರ್ ಬತ್ತಿದ ಮನೆಗಳಿಗೆ ಮೊದಲು ಕೊಟ್ಟು ಆಮೇಲೆ ಹೊರಗೆ, ಬಂದ ದುಡ್ಡಲ್ಲಿ ಒಂದು ಪಾಲು ಊರಿನ ಕೆರೆಗೆ. ಮಾರ್ಚ್ ಬಂದ್ರೆ ಮಿತಿ ಇಳೀಬೇಕು, ಮಾರ್ಚ್‌ನಲ್ಲೇ ರೇಟ್ ಜಾಸ್ತಿ ಇರುತ್ತೆ, ಕಷ್ಟ ಇರೋದು ಅಲ್ಲೇ. ಇದನ್ನ ಗಂಡಸರು ಮಾತ್ರ ಕೂತು ತೀರ್ಮಾನ ಮಾಡಿದ್ರೆ ನಾನು ಒಪ್ಪಲ್ಲ.

ಇನ್ನೊಬ್ಬ ಹುಡುಗ, ಸಾರ್ ಮಿತಿ ಮಿತಿ ಅಂತೀರ, ಪಂಪ್‌ಸೆಟ್‌ಗೆ ಮೀಟರ್ ಹಾಕೋಕೆ ಬಂದ್ರೆ ನಮ್ಮಪ್ಪನೇ ದೊಣ್ಣೆ ಹಿಡಿದು ನಿಲ್ತಾರೆ, ಅಳೆಯೋದು ಹೇಗೆ ಅಂದ. ನಿಮ್ಮಪ್ಪನ ಕೋಪ ನ್ಯಾಯವೇ ಕಣಪ್ಪ, ಮೀಟರ್ ಅಂದ್ರೆ ಬಿಲ್ ಅಂತ ಅವರಿಗೆ ಗೊತ್ತು. ಮನೆ ಮನೆಗೆ ಮೀಟರ್ ಬೇಡ ಈಗಲೇ. ನಿರಂತರ ಜ್ಯೋತಿ ಯೋಜನೆಲಿ ಬಹಳ ಕಡೆ ಪಂಪ್‌ಸೆಟ್ ಲೈನು, ಮನೆ ಲೈನು ಬೇರೆ ಬೇರೆ ಮಾಡಿದಾರೆ. ಪಂಪ್‌ಸೆಟ್ ಫೀಡರ್‌ನಲ್ಲಿ, ಅಂದ್ರೆ ಆ ಬೇರೆ ಮಾಡಿದ ಲೈನಲ್ಲಿ, ಎಷ್ಟು ಯೂನಿಟ್ ಹೋಯ್ತು ಅನ್ನೋದು ಕರೆಂಟ್ ಕಂಪನಿ ಬೆಸ್ಕಾಂ ಲೆಕ್ಕದಲ್ಲಿ ಇರುತ್ತೆ. ತಿಂಗಳು ತಿಂಗಳು ಆ ಅಂಕಿ, ಪಕ್ಕದಲ್ಲಿ ಕೆರೆ ನೀರಿನ ಮಟ್ಟ, ಊರ ನಡುವೆ ಇರೋ ಒಂದು ಹಳೇ ಬಾವಿಯ ನೀರಿನ ಮಟ್ಟ, ಈ ಮೂರನ್ನ ಪಂಚಾಯ್ತಿ ಗೋಡೆ ಮೇಲೆ ಬರೀರಿ. ಬಿಲ್ ಯಾರಿಗೂ ಬರಲ್ಲ, ಊರಿಗೆ ಒಂದು ಲೆಕ್ಕ ಬರುತ್ತೆ. ಫೀಡರ್ ಅಂಕಿ ಕೇಳಿದ್ರೆ ಕೊಡಲ್ಲ ಅಂದ್ರೆ ಆರ್‌ಟಿಐ ಹಾಕು, ಹತ್ತು ರೂಪಾಯಿ ಫೀಸು, ಎರಡು ಕ್ಯಾನ್ ನೀರಿನ ದುಡ್ಡು.